ಡಾರ್ವಿನ್ನಿನ ಮೈದಾನದಲ್ಲಿ ಕಲಿತ ನಂಟಸ್ತಿಕೆ

ಆಸ್ಟ್ರೇಲಿಯದ ಉತ್ತರ ತುದಿಯಲ್ಲಿರುವ ಡಾರ್ವಿನ್ನಿಗೆ ನಾನು ಬಂದದ್ದು ಗಣಿತ ಕಲಿಸುವುದಕ್ಕೆ. 2016ರಿಂದ ಸಂಜೆಯ ಹೊತ್ತು ಅಲ್ಲಿನ ಮೂಲನಿವಾಸಿ ಹುಡುಗರ ಒಂದು ಫುಟ್‌ಬಾಲ್ ತಂಡಕ್ಕೆ ಮಾರ್ಗದರ್ಶಕನಾಗಿದ್ದೇನೆ. ಅವರು ತಿವಿ ದ್ವೀಪಗಳಿಂದ, ಮನಿಂಗ್ರಿಡಾ ಮತ್ತು ವಡೆಯೆಯಂಥ ದೂರದ ಊರುಗಳಿಂದ ಬಂದು ವಸತಿಶಾಲೆಯಲ್ಲಿ ಉಳಿದು ಓದುವವರು. ಆಡುವುದು ನಾವು ಬಲ್ಲ ಫುಟ್‌ಬಾಲನ್ನಲ್ಲ, ಅಲ್ಲಿನವರು ‘ಫುಟಿ’ ಎನ್ನುವ ಆಸ್ಟ್ರೇಲಿಯನ್ ರೂಲ್ಸ್ ಆಟವನ್ನು. ಒಂದೊಂದು ಕಡೆಗೆ 18 ಜನ, ಅಂಡಾಕಾರದ ಮೈದಾನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ಚೆಂಡನ್ನು ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿಯಲ್ಲಿ ಹೋದರೆ 1. ಮಂಡ್ಯ ಸೀಮೆಯಲ್ಲಿ ಕಬಡ್ಡಿಯಾಡಿ ಬೆಳೆದ ನಾನು ಈ ಹುಡುಗರಿಗೆ ಆಟ ಕಲಿಸಿದೆನೆಂದರೆ ಅವರೇ ನಕ್ಕಾರು. ಆಟಕ್ಕೆ ತರಬೇತುದಾರರು ಬೇರೆ ಇದ್ದಾರೆ, ಸಂಸ್ಕೃತಿಯ ಕಾರ್ಯಕ್ರಮವನ್ನು ನಡೆಸುವವರು ಒಬ್ಬ ತಿವಿ ಹಿರಿಯರು. ನನ್ನ ಪಾಲಿನದು ಇವೆರಡರ ನಡುವೆ ಬೀಳುವ ಕೆಲಸ: ಬಸ್ಸು, ಊಟ, ಹಾಜರಿ, ಆಸ್ಪತ್ರೆ, ಮನೆಯವರಿಗೆ ಫೋನು, ಅರ್ಜಿ ತುಂಬುವುದು.

ಮೊದಲ ವರ್ಷವೇ ನಾನು ಎಡವಿದ್ದು ಒಂದು ಅರ್ಜಿಯ ವಿಷಯದಲ್ಲಿ. ತಿವಿ ದ್ವೀಪಗಳಲ್ಲೊಂದಾದ ಬಾಥರ್ಸ್ಟ್‌ನ ಹದಿನಾಲ್ಕು ವರ್ಷದ ಹುಡುಗನೊಬ್ಬ ಒಂದೇ ಅವಧಿಯಲ್ಲಿ ಮೂರು ಸಲ, ತನ್ನ ಅಮ್ಮನನ್ನು ಡಾರ್ವಿನ್ನಿನ ಆಸ್ಪತ್ರೆಗೆ ಕರೆತಂದಿದ್ದಾರೆ, ಹೋಗಿ ನೋಡಬೇಕು ಎಂದು ರಜೆ ಕೇಳಿದ. ಮೂರನೆಯ ಸಲ ಕಚೇರಿಯವರು ಅವನು ಹೇಳಿದ ಹೆಸರನ್ನು ದಾಖಲೆಯೊಡನೆ ತಾಳೆ ನೋಡಿದರು, ಹೆಸರು ಬೇರೆಯಾಗಿತ್ತು. ಹುಡುಗ ಸುಳ್ಳು ಹೇಳುತ್ತಿದ್ದಾನೆಂದು ತೀರ್ಮಾನವಾಗಿ ಶನಿವಾರದ ಪಂದ್ಯದಿಂದ ಅವನನ್ನು ಕೈಬಿಟ್ಟರು. ಆ ಸಭೆಯಲ್ಲಿ ನಾನೂ ಇದ್ದೆ, ಒಪ್ಪಿ ತಲೆಯಾಡಿಸಿದ್ದೆ. ಸಂಜೆ ಮೈದಾನದ ಗೆರೆಯಾಚೆ ಕುಳಿತಿದ್ದಾಗ ಆ ಹಿರಿಯರು, ಬೇರೇನೋ ಮಾತಿನ ನಡುವೆ ಎಂಬಂತೆ, “ನಿನ್ನ ತಾಯಿಯ ಅಕ್ಕನನ್ನು ನಿಮ್ಮ ಭಾಷೆಯಲ್ಲಿ ಏನೆಂದು ಕರೆಯುತ್ತೀ?” ಎಂದು ಕೇಳಿದರು. “ದೊಡ್ಡಮ್ಮ” ಎಂದೆ. “ಹಾಗೆಂದರೆ?” ಅರ್ಥ ಹೇಳಲು ಬಾಯಿ ತೆರೆದವನಿಗೆ ನಾಚಿಕೆಯಾಯಿತು. ಆ ಹುಡುಗ ಹೇಳಿದ್ದು ಮೂರು ಸಲವೂ ನಿಜ. ಹೆತ್ತವಳು, ಅವಳ ಅಕ್ಕ, ಅವಳ ತಂಗಿ, ಮೂವರೂ ಅವನಿಗೆ ಅಮ್ಮಂದಿರೇ. ಇಂಗ್ಲಿಷ್ ಮಾತ್ರ ಬಲ್ಲ ಸಹೋದ್ಯೋಗಿಗಳಿಗೆ ಇದು ಹೊಳೆಯದಿದ್ದರೆ ಅರ್ಥವಾಗುತ್ತದೆ. ಚಿಕ್ಕಮ್ಮ, ದೊಡ್ಡಮ್ಮಂದಿರ ಮಡಿಲಲ್ಲಿ ಬೆಳೆದ ನನಗೆ ಹೊಳೆಯದೇ ಹೋದದ್ದಕ್ಕೆ ನನ್ನಲ್ಲಿ ಇವತ್ತಿಗೂ ಉತ್ತರವಿಲ್ಲ.

ಮರುದಿನದಿಂದ ನಾನು ಹೊಸ ಪುಸ್ತಕ ಹಿಡಿದೆ. ಹಿರಿಯರ ಅಪ್ಪಣೆ ಪಡೆದು, ಮನೆಯವರಿಗೆ ಫೋನಿನಲ್ಲಿ ವಿಷಯ ತಿಳಿಸಿ, ಒಬ್ಬೊಬ್ಬ ಹುಡುಗನ ನಂಟಸ್ತಿಕೆಯನ್ನೂ ಕನ್ನಡದಲ್ಲೇ ಬರೆದುಕೊಂಡೆ. ಇಂಗ್ಲಿಷಿನ ‘ಅಂಕಲ್’ ಎಂಬ ಒಂದೇ ಪದದಲ್ಲಿ ಅಪ್ಪನ ತಮ್ಮನೂ ಅಮ್ಮನ ತಮ್ಮನೂ ಕಲೆಸಿಹೋಗುತ್ತಾರೆ. ಇವರಲ್ಲಿ ಮೊದಲನೆಯವನು ಅಪ್ಪನೇ, ಎರಡನೆಯವನು ನಮ್ಮ ಸೋದರಮಾವನಂತೆ ಬೇರೆಯೇ ಅಧಿಕಾರವುಳ್ಳವನು. ಯಾವ ಮಾತನ್ನು ಯಾರಿಗೆ ಹೇಳಬೇಕು, ಬೈಯುವ ಹಕ್ಕು ಯಾರಿಗಿದೆ, ಪ್ರಯಾಣಕ್ಕೆ ಒಪ್ಪಿಗೆ ಕೊಡಬೇಕಾದವರು ಯಾರು ಎಂಬುದೆಲ್ಲ ಇದರ ಮೇಲೆಯೇ ನಿಂತಿದೆ. ಆ ಪುಸ್ತಕವನ್ನು ಕಚೇರಿಯಲ್ಲಿ ಇಡುವುದಿಲ್ಲ; ಅದು ಹಿರಿಯರ ಬಳಿಯೇ ಇರುತ್ತದೆ, ಬೇಕಾದಾಗ ಕೇಳಿ ಪಡೆಯುತ್ತೇನೆ.

ಹಾಗೆ ಇಡುವುದಕ್ಕೆ ಕಾರಣವಿದೆ. ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ತಾಯ್ತಂದೆಯರಿಂದ ಕಿತ್ತು ಮಿಷನ್ನುಗಳಲ್ಲಿ ಇರಿಸಿದ ಕಾಲವೊಂದಿತ್ತು. ಅದಕ್ಕಾಗಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ನಮ್ಮ ಹುಡುಗರು ದೇವರಂತೆ ಕಾಣುವ ಆಟಗಾರ ಮೈಕೆಲ್ ಲಾಂಗ್ ಅವರ ತಂದೆ ತಾಯಿ ಇಬ್ಬರೂ ಹಾಗೆ ಒಯ್ಯಲ್ಪಟ್ಟ ಮಕ್ಕಳು, ತಿವಿ ದ್ವೀಪಗಳಲ್ಲಿ ಬೆಳೆದವರು. ಆದ್ದರಿಂದ ಶಾಲೆಯವನೊಬ್ಬ ಪುಸ್ತಕ ಹಿಡಿದು ‘ನಿನ್ನ ತಾಯಿ ಯಾರು’ ಎಂದು ಕೇಳಿದರೆ ಅಜ್ಜಿಯರು ಫೋನಿನಲ್ಲಿ ಸುಮ್ಮನಾಗುತ್ತಿದ್ದರು. ಹಾಗೆ ಸುಮ್ಮನಾದಾಗ ನಾನು ಒತ್ತಾಯಿಸದೆ, ನನ್ನ ಮನೆ, ನಮ್ಮಮ್ಮ, ನಮ್ಮೂರಿನ ಕೆರೆ ಎಂದು ನನ್ನ ಕಥೆ ಹೇಳಿ ಫೋನಿಡುತ್ತಿದ್ದೆ. ಕೆಲವರು ಎರಡು ವಾರದ ಮೇಲೆ ತಾವಾಗಿಯೇ ಕರೆ ಮಾಡಿದರು, ಕೆಲವರು ಮಾಡಲೇ ಇಲ್ಲ.

ನಂಟಸ್ತಿಕೆ ತಿಳಿದ ಮೇಲೆ ಹಲವು ತಂಟೆಗಳು ತಂಟೆಗಳೇ ಅಲ್ಲವೆಂದು ಗೊತ್ತಾಯಿತು. ಹುಡುಗ ಹುಡುಗಿಯರ ತಂಡಗಳಿಗೆ ಒಂದೇ ಬಸ್ಸು ಗೊತ್ತುಮಾಡಿದ ದಿನ ಮನಿಂಗ್ರಿಡಾ ಕಡೆಯ ಹುಡುಗನೊಬ್ಬ ಮೆಟ್ಟಿಲ ಬಳಿ ನಿಂತು ಹತ್ತಲೊಲ್ಲೆನೆಂದ. ಒಳಗೆ ಅವನ ಅಕ್ಕ ಕುಳಿತಿದ್ದಳು. ಆ ಸೀಮೆಯಲ್ಲಿ ಬೆಳೆದ ಅಕ್ಕತಮ್ಮಂದಿರು ಹತ್ತಿರ ಕೂರುವುದಾಗಲಿ ನೇರವಾಗಿ ಮಾತಾಡುವುದಾಗಲಿ ಇಲ್ಲ. ಈಗ ಎರಡು ಗಾಡಿ ಹೋಗುತ್ತವೆ. ಇನ್ನೊಮ್ಮೆ ಹಾಜರಿ ಕರೆಯುತ್ತ ನಾನೊಂದು ಹೆಸರು ಹೇಳಿದೊಡನೆ ಇಡೀ ಗುಂಪು ನೆಲ ನೋಡಿತು. ಅದೇ ಹೆಸರಿನ ಬಂಧುವೊಬ್ಬರು ಆ ವಾರ ದ್ವೀಪದಲ್ಲಿ ತೀರಿಕೊಂಡಿದ್ದರು, ಸತ್ತವರ ಹೆಸರನ್ನು ನಾಲಿಗೆಯ ಮೇಲೆ ತರಬಾರದು. ನಮ್ಮಜ್ಜಿ ಕೊನೆಯತನಕ ಅಜ್ಜನ ಹೆಸರನ್ನು ಬಾಯಲ್ಲಿ ಹೇಳಿದವರಲ್ಲ. ಅದರ ಕಾರಣ ಬೇರೆ, ಆದರೆ ಒಂದು ಹೆಸರಿಗೆ ಅಷ್ಟು ತೂಕವಿರಬಹುದು ಎಂಬುದು ನನಗೆ ಹೊಸದಾಗಿರಲಿಲ್ಲ. ಹುಡುಗನಿಗೆ ಬೇರೆ ಹೆಸರಿಟ್ಟರು. ಪಟ್ಟಿಯಲ್ಲಿ ನಾನೂ ತಿದ್ದಿದೆ.

ಆರೋಗ್ಯದ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಈ ಮಕ್ಕಳಲ್ಲಿ ಕಿವಿ ಸೋರುವ ರೋಗದಿಂದ ಕೇಳಿಸುವುದು ಕಡಿಮೆಯಾದವರು ಬಹಳ. ದೂರದಿಂದ ಕೂಗಿದರೆ ತಿರುಗಿ ನೋಡದವನನ್ನು ಉದ್ಧಟನೆಂದು ಕೂರಿಸಿಬಿಡುವುದು ಸುಲಭ. ಹತ್ತಿರ ಹೋಗಿ ಹೇಳಬೇಕು, ಕೈಸನ್ನೆ ಗೊತ್ತುಮಾಡಿಕೊಳ್ಳಬೇಕು. ಇನ್ನೊಂದು ರುಮ್ಯಾಟಿಕ್ ಹೃದ್ರೋಗ. ಗಂಟಲಿನ ಇಲ್ಲವೇ ಚರ್ಮದ ಸಾಮಾನ್ಯ ಸೋಂಕಿನಿಂದ ಮೊದಲಾಗಿ ಹೃದಯದ ಕವಾಟವನ್ನು ಕೆಡಿಸುವ ಈ ರೋಗ ಡಾರ್ವಿನ್ ಇರುವ ಉತ್ತರ ಪ್ರಾಂತದ ಮೂಲನಿವಾಸಿ ಮಕ್ಕಳನ್ನು ವಿಪರೀತ ಕಾಡುತ್ತದೆ. ಅದು ಮರುಕಳಿಸದಂತೆ ತಡೆಯಲು ಮೂರು ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಬೇಕು. ಅದು ಗಟ್ಟಿ ಔಷಧಿ, ಚುಚ್ಚಿದ ಕಡೆ ಎರಡು ದಿನ ನೋವು ಬಿಡುವುದಿಲ್ಲ. ಪಂದ್ಯದ ಹಿಂದಿನ ದಿನ ಹಾಕಿಸಿಕೊಳ್ಳಲು ಯಾವ ಹುಡುಗ ಒಪ್ಪುತ್ತಾನೆ? ಬೈದು ಉಪದೇಶಿಸಿ ಸೋತ ಮೇಲೆ, ಕ್ಲಿನಿಕ್ಕಿನ ನರ್ಸನ್ನು ಕೇಳಿಕೊಂಡು ಎಲ್ಲರ ಸರದಿಯನ್ನೂ ಪಂದ್ಯದ ಮರುದಿನಗಳಿಗೆ ಹೊಂದಿಸಿದೆ. ನಾಲ್ವರು ಒಟ್ಟಿಗೆ ಹೋಗುತ್ತಾರೆ, ಬರುವಾಗ ಕುಂಟುತ್ತ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ದಾರಿಯಲ್ಲಿ ಐಸ್‌ಕ್ರೀಮ್ ಆಗಬೇಕು. ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ನಿಂತಿದೆ.

ಬುಧವಾರದ ಸಂಜೆ ಹಿರಿಯರದು. ಸಮುದ್ರ ಇಳಿದಿದ್ದರೆ ಮ್ಯಾಂಗ್ರೋವಿನ ಕೆಸರಿಗೆ ಏಡಿ ಹಿಡಿಯಲು ಹೊರಡುತ್ತಾರೆ, ಇಲ್ಲವಾದರೆ ಕುಣಿತ. ತಿವಿಯವರಲ್ಲಿ ಕುಲ ತಾಯಿಯ ಕಡೆಯಿಂದ, ಕುಣಿತ ತಂದೆಯ ಕಡೆಯಿಂದ ಬರುತ್ತದೆ. ಒಬ್ಬನದು ಮೊಸಳೆ, ಒಬ್ಬನದು ಶಾರ್ಕ್, ಇನ್ನೊಬ್ಬನದು ಎಮ್ಮೆ. ತರಗತಿಯಲ್ಲಿ ತಲೆಯೆತ್ತದ ಹುಡುಗ ಶಾರ್ಕಿನ ರೆಕ್ಕೆಯಂತೆ ತೋಳು ಚಾಚಿ ನೆಲ ನಡುಗುವಂತೆ ಕಾಲು ತುಳಿಯುವುದನ್ನು ನಾನು ನೋಡಿದ್ದೇನೆ. ಅಂಥ ಸಂಜೆ ನನಗೆ ಕೆಲಸವಿರುವುದಿಲ್ಲ, ಚಹಾ ಕಾಯಿಸುತ್ತೇನೆ.

ನನಗೆ ಸಿಟ್ಟು ತರಿಸುವ ಮಾತೆಂದರೆ ‘ಇವರಿಗೆ ಆಟ ಹುಟ್ಟಿನಿಂದಲೇ ಬಂದದ್ದು’ ಎಂಬ ಹೊಗಳಿಕೆ. ಬೆಳಿಗ್ಗೆ ಐದೂವರೆಗೆ ಎದ್ದು, ಮಳೆಗಾಲದ ಸೆಕೆಯಲ್ಲಿ ಎಡಗಾಲಿನಿಂದಲೇ ನೂರು ಸಲ ಒದೆಯುವ ಹುಡುಗನ ದುಡಿಮೆಯನ್ನು ಆ ಮಾತು ನುಂಗಿಹಾಕುತ್ತದೆ. 1993ರಲ್ಲಿ ಮೆಲ್ಬರ್ನಿನ ವಿಕ್ಟೋರಿಯಾ ಪಾರ್ಕ್ ಮೈದಾನದ ಪ್ರೇಕ್ಷಕರ ನಿಂದನೆಗೆ ಎದುರಾಗಿ ಮೂಲನಿವಾಸಿ ಫುಟಿ ಆಟಗಾರ ನಿಕಿ ವಿನ್ಮಾರ್ ತನ್ನ ಜೆರ್ಸಿಯನ್ನೆತ್ತಿ ಕಪ್ಪು ಮೈಯನ್ನು ಬೆರಳಿಟ್ಟು ತೋರಿಸಿದ ಚಿತ್ರ ನಮ್ಮ ಕೋಣೆಯ ಗೋಡೆಯ ಮೇಲಿದೆ. ಹುಡುಗರು ಅದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಎದುರಾಳಿ ಯಾರಾದರೂ ಏನಾದರೂ ಅಂದ ದಿನ ಅದರ ಕೆಳಗೆ ಬಂದು ಕೂರುತ್ತಾರೆ.

ದೊಡ್ಡ ಲೀಗಿಗೆ ನಮ್ಮಲ್ಲಿಂದ ಈವರೆಗೆ ಯಾರೂ ಆಯ್ಕೆಯಾಗಿಲ್ಲ. ಅಂದು ಸುಳ್ಳುಗಾರನೆನಿಸಿಕೊಂಡ ಹುಡುಗ ಈಗ ದ್ವೀಪದಲ್ಲಿ ಕೆಲಸದಲ್ಲಿದ್ದಾನೆ, ಅಲ್ಲಿನ ಲೀಗಿನಲ್ಲೇ ಆಡುತ್ತಾನೆ. ಈ ವರ್ಷದ ಆರಂಭದಲ್ಲಿ ತಮ್ಮನನ್ನು ಸೇರಿಸಲು ಅವನೇ ಬಂದಿದ್ದ. ನಮ್ಮ ಅರ್ಜಿಯಲ್ಲಿ ‘ತಾಯಿಯ ಹೆಸರು’ ಎಂಬಲ್ಲಿ ಈಗ ಮೂರು ಗೆರೆಗಳಿವೆ. ಅವನು ಮೂರನ್ನೂ ತುಂಬಿ, ಅಂಚಿನ ಖಾಲಿ ಜಾಗದಲ್ಲಿ ನಾಲ್ಕನೆಯ ಹೆಸರನ್ನು ಸಣ್ಣಕ್ಷರದಲ್ಲಿ ಬರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟ.