ಐ.ಪಿ. (ದಿವಾಳಿ ಅರ್ಜಿ) ಹಾಕಿದ ಮೇಲೂ ನನ್ನ ಕೈಯಲ್ಲೇ ಉಳಿದ ಉಪಕರಣಗಳು: ಒಬ್ಬ ಬಡಗಿಯ ಅನುಭವ

"ಪಾಪರ್ ಅಂತ ಕೋರ್ಟಿಗೆ ಹೋದರೆ ಉಳಿ-ಬಾಚಿಯನ್ನೂ ಹೊತ್ಕೊಂಡು ಹೋಗ್ತಾರೆ" ಅಂತ ನಮ್ಮ ಕಸುಬಿನವರೆಲ್ಲ ಹೆದರಿಸಿದ್ದರು. ಸಾಲದಿಂದ ಬಿಡುಗಡೆಯ ಆದೇಶ ಕೈಗೆ ಬಂದಿದೆ, ಅದೇ ಉಳಿಯಲ್ಲಿ ಈಗಲೂ ಬಾಗಿಲು ಮಾಡ್ತಿದ್ದೇನೆ.

ಸಾಲ ಸುಮಾರು 14 ಲಕ್ಷ. 2020ರ ಲಾಕ್‌ಡೌನಿನಲ್ಲಿ ಆರ್ಡರುಗಳೆಲ್ಲ ನಿಂತುಹೋದವು, ಬಡ್ಡಿ ನಿಲ್ಲಲಿಲ್ಲ. ಲೋಕ ಅದಾಲತ್ತಿನಲ್ಲೂ ಪ್ರಯತ್ನಪಟ್ಟೆ. ಮರದ ಡಿಪೋದವರೊಬ್ಬರು ಅರ್ಧಕ್ಕೆ ಒಪ್ಪಿದರು, ಫೈನಾನ್ಸಿನವರು ತಲೆ ಹಾಕಲಿಲ್ಲ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ನಮ್ಮಂಥವರ ಭಾಗ ಜಾರಿಯಾಗಿರಲಿಲ್ಲ, ಹಾಗಾಗಿ 1920ರ ಪ್ರಾಂತೀಯ ದಿವಾಳಿ ಕಾಯ್ದೆಯಲ್ಲೇ ಅರ್ಜಿ. ಸಾಲ ಕೊಟ್ಟವರ ವಿಳಾಸ ಪೂರ್ತಿ ಇಲ್ಲ ಅಂತ ಮೊದಲ ಸಲ ವಾಪಸ್ ಬಂತು.

ಸೈಟನ್ನು ಹೆಂಡತಿ ಹೆಸರಿಗೆ ಮಾಡಿಬಿಡು ಅಂತ ಭಾವ ಹಟ ಹಿಡಿದರು. ನಾನು ಒಪ್ಪಲಿಲ್ಲ. ಅರ್ಜಿಗೆ ಹಿಂದಿನ ಎರಡು ವರ್ಷದ ದಾನಪತ್ರವನ್ನು ಕೋರ್ಟು ರದ್ದು ಮಾಡಬಹುದು. ಸೈಟು ರಿಸೀವರ್ (ಆಸ್ತಿ ವಶಕ್ಕೆ ತಗೊಳ್ಳಲು ಕೋರ್ಟು ನೇಮಿಸಿದವರು) ಪಾಲಾಯಿತು, ಹೋಗಲಿ.

ನಾನು ಗಟ್ಟಿಯಾಗಿ ಹಿಡಿದದ್ದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮನ್ನು; ಕಸುಬಿನ ಉಪಕರಣಗಳನ್ನು ಜಪ್ತಿ ಮಾಡುವ ಹಾಗಿಲ್ಲ ಅನ್ನುತ್ತೆ ಅದು. ರಿಸೀವರ್ ಬಂದ ದಿನ ಉಳಿ, ಬಾಚಿ, ಗರಗಸ, ಕೀಸುಳಿ ಎಲ್ಲ ಬೆಂಚಿನ ಮೇಲೆ ಸಾಲಾಗಿ ಜೋಡಿಸಿ, ಒಂದು ತೇಗದ ತುಂಡಿಗೆ ಕಚ್ಚು ಹೊಡೆದು ತೋರಿಸಿದೆ. ಒಂದನ್ನೂ ಮುಟ್ಟಲಿಲ್ಲ. ಪ್ಲೇನರ್ ಮೆಷಿನ್ ಮಾತ್ರ ಬ್ಯಾಂಕಿಗೆ ಹೋಯಿತು. ಅಡವಿಟ್ಟದ್ದಕ್ಕೆ ಈ ರಕ್ಷಣೆ ಇಲ್ಲ. ಪಾತ್ರೆ, ಹಾಸಿಗೆ, ತಾಳಿ, ಎಲ್‌ಐಸಿ ಪಾಲಿಸಿ ಉಳಿದವು. ಚೀಟಿ ದುಡ್ಡು ಹೋಯಿತು.

ಸಂಬಳದವರ ಲೆಕ್ಕ ಬೇರೆ. ನನ್ನ ತಮ್ಮನಿಗೆ ಕೂತು ಹಾಕಿಕೊಟ್ಟೆ: ತಿಂಗಳಿಗೆ 25,000 ಬಂದರೆ ಮೊದಲ 1,000, ಉಳಿದದ್ದರಲ್ಲಿ ಮೂರನೇ ಎರಡು ಪಾಲು, ಅಂದರೆ ಒಟ್ಟು 17,000 ಮುಟ್ಟುವ ಹಾಗಿಲ್ಲ.

ಚೆಕ್ ಬೌನ್ಸ್ ಕೇಸು ಇದರಿಂದ ನಿಲ್ಲಲ್ಲ, ನೆನಪಿಡಿ. ನನ್ನ ಮೇಲಿದ್ದ ಒಂದನ್ನು ಬೇರೆಯಾಗಿಯೇ ರಾಜಿ ಮಾಡಿಕೊಂಡೆ.

ಬಿಡುಗಡೆ ಹೊತ್ತಿಗೆ ಜಗ್ಗಾಟವಾಯಿತು. ಅಡಮಾನವಿಲ್ಲದ ಸಾಲದ ಅರ್ಧದಷ್ಟೂ ಆಸ್ತಿ ಇರಲಿಲ್ಲ. ಹಾಗಿದ್ದಾಗ ಅದು ನಮ್ಮ ಕೈಮೀರಿ ಆದದ್ದು ಅಂತ ತೋರಿಸಬೇಕು. ವರ್ಷಗಟ್ಟಲೆ ಬರೆದಿಟ್ಟ ಆರ್ಡರ್ ಪುಸ್ತಕವೇ ನನ್ನ ಪರ ಮಾತಾಡಿತು. ಪಾಟೀಸವಾಲಿನಲ್ಲಿ ಒಂದು ಸಾಲೂ ಅಲುಗಲಿಲ್ಲ, ವಕೀಲರೇ ಬೆನ್ನು ತಟ್ಟಿದರು. ಅದನ್ನು ಯಾವ ಕ್ರಮದಲ್ಲಿ ಮಂಡಿಸಿದೆ, ಯಾರ ಸಾಕ್ಷಿ ಹಾಕಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ.

ಫೀಜು, ಪ್ರಕಟಣೆ, ಓಡಾಟ ಎಲ್ಲ ಸೇರಿ 40 ಸಾವಿರದ ಆಸುಪಾಸು ಬಿತ್ತು. ಫೀಜನ್ನು ವಕೀಲರು ಕಂತಿನಲ್ಲಿ ತಗೊಂಡರು, ಕೊನೆಯ ಕಂತಿಗೆ ಅವರ ಮನೆಯ ಎರಡು ಕಿಟಕಿ ಮಾಡಿಕೊಟ್ಟೆ.