ನೀಲಿ ಹುಲಿಯ ಕುಲ ಹುಡುಕಿದ್ದು

ಪಶ್ಚಿಮ ಘಟ್ಟದ ಕಾಡಂಚಿನಲ್ಲಿ ಮೊದಲ ಸಲ ಆ ಕೀಟವನ್ನು ಕಂಡಾಗ ಒಳ್ಳೆ ಬಿಸಿಲು. ನೀಲಿ-ನೇರಳೆ ರೆಕ್ಕೆ, ಮೇಲೆ ಕಪ್ಪು ಮಚ್ಚೆ, ಆತುರವೇ ಇಲ್ಲದ ಹಾರಾಟ. ಚಿಟ್ಟೆ ಅಂತಲೇ ಬರೆದುಕೊಂಡೆ. ಹಗಲಲ್ಲಿ ಹಾರುತ್ತಿದೆ, ಬಣ್ಣವೂ ಇದೆ, ಇನ್ನೇನು ಬೇಕು ಅಲ್ವಾ?

ಮನೆಯಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದರೆ ಮೀಸೆ ಬೇರೆಯೇ ಕಥೆ ಹೇಳಿತು. ಚಿಟ್ಟೆಯ ಮೀಸೆಗೆ ಬೆಂಕಿಕಡ್ಡಿಯ ಹಾಗೆ ತುದಿಯಲ್ಲಿ ಗುಂಡು ಇರುತ್ತದೆ. ಇದಕ್ಕೆ ಇರಲಿಲ್ಲ. ಹಾಗಾದರೆ ಪತಂಗ! ಇಂಗ್ಲಿಷಿನವರು ಇದನ್ನು ಬ್ಲೂ ಟೈಗರ್ ಮಾತ್, ಅಂದರೆ ನೀಲಿ ಹುಲಿ ಪತಂಗ ಅನ್ನುತ್ತಾರೆ. ನಾನು ಹೆಸರು ನಂಬಿ ಸೀದಾ ಟೈಗರ್ ಮಾತ್‌ಗಳ ಸಾಲಿಗೆ, ಅಂದರೆ ಎರೆಬಿಡೇ ಕುಟುಂಬಕ್ಕೆ ಸೇರಿಸಿಬಿಟ್ಟೆ. ಅದೂ ತಪ್ಪು.

ಸರಿ ದಾರಿ ತೋರಿಸಿದ್ದು ಮರಿಹುಳ. ಕರಾಲಿಯಾ ಬ್ರಾಕಿಯಾಟಾ ಅನ್ನೋ ಮರದ ಎಲೆ ಮೇಲೆ ಹಳದಿ ಹುಳ ಸಿಕ್ಕಿತು. ಟೈಗರ್ ಮಾತ್‌ ಮರಿ ಅಂದರೆ ಸಾಮಾನ್ಯವಾಗಿ ಮೈತುಂಬಾ ಕೂದಲಿನ ಕಂಬಳಿಹುಳ. ಇದು ಬೋಳು. ಕಡ್ಡಿ ಮೇಲೆ ಬಿಟ್ಟೆ. ಮುಂದಿನ ಕಾಲು ಊರಿತು, ಬೆನ್ನು ಕಮಾನಿನಂತೆ ಎತ್ತಿತು, ಹಿಂಭಾಗವನ್ನು ಮುಂದಕ್ಕೆ ಎಳೆದುಕೊಂಡಿತು. ಗೇಣು ಹಾಕಿ ಅಳೆದ ಹಾಗೇ. ಹೊಟ್ಟೆಯ ನಡುವೆ ಹುಸಿಗಾಲು (ಹುಳದ ಹೊಟ್ಟೆಯಡಿಯ ಮೆತ್ತನೆ ಕಾಲು) ಇಲ್ಲದಿದ್ದರೆ ನಡಿಗೆ ಹೀಗಾಗುತ್ತದೆ. ಎಣಿಸಿದೆ: ಹಿಂಬದಿಯಲ್ಲಿ ಎರಡೇ ಜೊತೆ. ಇದು ಜಿಯೊಮೆಟ್ರಿಡೇ ಕುಟುಂಬದ ಗುರುತು. ಆ ಹೆಸರಿನ ಗ್ರೀಕ್ ಮೂಲದ ಅರ್ಥವೂ 'ನೆಲ ಅಳೆಯುವವನು' ಅಂತಲೇ.

ಆದರೂ ಹುಳ ಆ ನೀಲಿ ಪತಂಗದ್ದೇ ಅಂತ ಹೇಗೆ ಹೇಳೋದು? ಡಬ್ಬಿಯಲ್ಲಿ ಸಾಕಿದೆ. ದಿನಾ ಅದೇ ಮರದ ಎಲೆ, ಕೆಳಗೆ ಟಿಶ್ಯೂ ಪೇಪರ್. ಒಮ್ಮೆ ಸೋಮಾರಿತನಕ್ಕೆ ಬಾಡಿದ ಎಲೆ ಹಾಕಿದೆ, ಮುಟ್ಟಲೇ ಇಲ್ಲ. ಆಮೇಲೆ ಕೋಶ ಕಟ್ಟಿತು. ಸುಮಾರು ಎರಡು ವಾರ ಕಾದ ಮೇಲೆ ಒಂದು ಬೆಳಿಗ್ಗೆ ಡಬ್ಬಿಯ ಗೋಡೆಗೆ ನೀಲಿ ರೆಕ್ಕೆ ಅಂಟಿಕೊಂಡಿತ್ತು. ವೈಜ್ಞಾನಿಕ ಹೆಸರು ಡಿಸ್ಫೇನಿಯಾ ಪರ್ಕೋಟಾ. 1891ರಲ್ಲಿ ಇಂಗ್ಲಿಷ್ ಕೀಟತಜ್ಞ ಸ್ವಿನ್‌ಹೋ ಹೆಸರಿಟ್ಟಿದ್ದು.

ಇನ್ನೊಂದು ಸಾಕ್ಷಿ ಕಿವಿ. ಟೈಗರ್ ಮಾತ್‌ಗಳ ಕಿವಿ ಎದೆಯ ಹಿಂಭಾಗದಲ್ಲಿದ್ದರೆ, ಜಿಯೊಮೆಟ್ರಿಡೇ ಪತಂಗಗಳದ್ದು ಹೊಟ್ಟೆಯ ಬುಡದಲ್ಲಿ. ಇದನ್ನು ನೋಡೋಕೆ ಸತ್ತ ಪತಂಗ ಮತ್ತು ಒಳ್ಳೆ ಭೂತಗನ್ನಡಿ ಬೇಕು. ಸುಮ್ನೆ ಅದಕ್ಕಾಗಿ ಕೊಲ್ಲಬೇಡಿ.

ನನಗೆ ಮಜಾ ಅನ್ನಿಸಿದ್ದು ಇದರ ಹತ್ತಿರದ ಬಂಧುಗಳು. ಡಿಸ್ಫೇನಿಯಾ ಸೇರಿರುವ ಜಿಯೊಮೆಟ್ರಿನೇ ಉಪಕುಟುಂಬದಲ್ಲಿ ಜಾಸ್ತಿ ಇರೋದು ಎಲೆ ಬಣ್ಣದಲ್ಲಿ ಅಡಗಿ ಕೂರುವ ಹಸಿರು ಪತಂಗಗಳು. ಅವುಗಳ ಮಧ್ಯೆ ಇದು ಹಾಡಹಗಲೇ ಮೆರೆಯುತ್ತದೆ. ಈಗ ಇಂಥದ್ದು ಕಂಡರೆ ರೆಕ್ಕೆ ಬಿಟ್ಟು, ಮೊದಲು ಸುತ್ತಲಿನ ಎಲೆ ತಿರುಗಿಸಿ ಮರಿಹುಳದ ಕಾಲು ಎಣಿಸುತ್ತೇನೆ.