ಏನು ಚಿತ್ರ ತೆಗೀಬೇಕು ಅಂತ ಕೇಳುವವರಿಗೆ

ಗದಗಿನ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲೆ ಕಲಿಸುತ್ತೇನೆ. ಮಕ್ಕಳು ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಅಕ್ಕೋರ, ಏನ್ ಚಿತ್ರ ತಗೀಬೇಕ್ರಿ?" ದೊಡ್ಡವರು ಕೇಳುವುದೂ ಅದನ್ನೇ. ಹೊಸ ಬಣ್ಣದ ಡಬ್ಬಿ ಇರುತ್ತದೆ, ಒಳ್ಳೆ ಬ್ರಷ್ ಇರುತ್ತದೆ, ಹಾಳೆ ಮಾತ್ರ ಖಾಲಿ. ಕೊನೆಗೆ ಮೊಬೈಲ್ ತೆಗೆದು, ಎಲ್ಲಿಯದೋ ಹಿಮದ ಬೆಟ್ಟ, ಕೆಂಪು ಮಾಡಿನ ಮನೆ ಹುಡುಕಿ ಅದನ್ನೇ ನಕಲು ಮಾಡುತ್ತಾರೆ. ಕೈ ಪಳಗಲಿ ಅಂತ ನಕಲು ಮಾಡಿದರೆ ತಪ್ಪೇನಿಲ್ಲ. ಆದರೆ ಆ ಬೆಟ್ಟದ ಮೇಲೆ ಬೆಳಕು ಯಾಕೆ ಹಾಗೆ ಬಿದ್ದಿದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಮುಂಡರಗಿ ಬಸ್ಸಿನ ಕಿಟಕಿಯಿಂದ ಕಾಣುವ ಕಪ್ಪತಗುಡ್ಡದ ಬಗ್ಗೆ ಕೇಳಿ ನೋಡಿ, ಮಳೆ ಬಂದ ಮೇಲೆ ಅದು ಹೇಗೆ ಹಸಿರಾಗುತ್ತದೆ ಅಂತ ಅವರೇ ವಿವರವಾಗಿ ಹೇಳುತ್ತಾರೆ.

ನಾನು ಅವರಿಗೆ ಹೇಳುವುದು ಇಷ್ಟು: ಜಾಗ ಒಂದೇ ವಿಷಯ ಆಗುವುದಿಲ್ಲ, ಜಾಗಕ್ಕೆ ಒಂದು ಹೊತ್ತು ಸೇರಬೇಕು. "ತ್ರಿಕೂಟೇಶ್ವರ ಗುಡಿ" ಅಂದರೆ ಅದು ವಿಳಾಸ ಆಯಿತು. "ಬೆಳಗ್ಗೆ ಏಳೂವರೆ, ಬಿಸಿಲು ಕಂಬದ ಅರ್ಧಕ್ಕೆ ಇಳಿದಿದೆ" ಅಂದಾಗ ಕಣ್ಣಿಗೆ ಚಿತ್ರ ಕಾಣಲು ಶುರುವಾಗುತ್ತದೆ.

ಹಾಗಾಗಿ ಮೊದಲು ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಜಾಗ ಆರಿಸಿಕೊಳ್ಳಿ. ಸಂತೆ, ಕೆರೆ ದಂಡೆ, ಬಸ್ ಸ್ಟ್ಯಾಂಡ್, ಯಾವುದಾದರೂ ಸರಿ. ಅಲ್ಲಿಗೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹೋಗಿ. ಬಣ್ಣ ಒಯ್ಯಬೇಡಿ. ಒಂದು ಸಣ್ಣ ನೋಟ್‌ಬುಕ್, ಸ್ವಲ್ಪ ಮೆದುವಾದ 2ಬಿ ಪೆನ್ಸಿಲ್ ಸಾಕು. ಸುಮ್ನೆ ನಿಂತು ನೋಡಿ, ಕಣ್ಣು ಎಲ್ಲಿ ನಿಂತಿತೋ ಅದನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಆ ಸಾಲಿನಲ್ಲಿ ಏನಾದರೂ ಆಗುತ್ತಿರಬೇಕು: ನೆರಳು ಹತ್ತುತ್ತಿದೆ, ಮುದುಕ ಬೀಡಿ ಹಚ್ಚಲು ಬಾಗಿದ್ದಾನೆ, ಹೂವಿನ ಬುಟ್ಟಿ ಮೇಲಿನ ಒದ್ದೆ ಬಟ್ಟೆ ಹೊಳೆಯುತ್ತಿದೆ. "ಚೆಂದ ಐತಿ" ಅಂತ ಬರೆದರೆ ಉಪಯೋಗವಿಲ್ಲ. ಹೀಗೆ ಒಂದು ಪುಟ ತುಂಬಿದ ಮೇಲೆ ಯಾವ ಸಾಲು ಓದಿದಾಗ ದೃಶ್ಯ ಮತ್ತೆ ಕಣ್ಣ ಮುಂದೆ ಬರುತ್ತದೋ, ಅದೇ ನಿಮ್ಮ ಚಿತ್ರ.

ಆಮೇಲೆ ಬೇಕಾಗುವುದು ಒಂದು ಕಿಂಡಿ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟಿನಲ್ಲಿ 6 ಸೆಂ.ಮೀ. ಅಗಲ, 8 ಸೆಂ.ಮೀ. ಉದ್ದದ ಕಿಟಕಿ ಕತ್ತರಿಸಿ. ನಿಮ್ಮ ಹಾಳೆ 9 ಇಂಚು, 12 ಇಂಚು ಇದ್ದರೆ ಅಳತೆಯ ಪ್ರಮಾಣ ಸರಿಯಾಗಿ ಹೊಂದುತ್ತದೆ. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿ. ಕೈ ಚಾಚಿ ಹಿಡಿದರೆ ಸಣ್ಣ ತುಂಡು ಕಾಣುತ್ತದೆ, ಹತ್ತಿರ ತಂದರೆ ದೊಡ್ಡ ನೋಟ. ಹೊಸಬರಿಗೆ ಕೈ ಚಾಚಿಯೇ ಹಿಡಿಯಿರಿ ಅಂತ ನಾನು ಹಟ ಮಾಡುತ್ತೇನೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕುವ ಆಸೆ ಅಲ್ಲೇ ಕಡಿಮೆಯಾಗುತ್ತದೆ.

ಲಕ್ಕುಂಡಿಯಲ್ಲಿ ಎಲ್ಲಿ ಕೂರಬೇಕು

ಗದಗಿನಿಂದ ಲಕ್ಕುಂಡಿ ಸುಮಾರು 12 ಕಿ.ಮೀ. ಅಲ್ಲಿಗೆ ಹೋದವರು ಸಾಮಾನ್ಯವಾಗಿ ಕಾಶಿವಿಶ್ವೇಶ್ವರ ಗುಡಿಯ ಎದುರು ಕೂತು ಇಡೀ ಗುಡಿಯನ್ನು ಬಿಡಿಸಲು ಹೊರಡುತ್ತಾರೆ. ಬಳಪದ ಕಲ್ಲು ಮೆದು. ಅದರಲ್ಲಿ ಶಿಲ್ಪಿಗಳು ಎಷ್ಟು ಸಣ್ಣ ಕೆತ್ತನೆ ಮಾಡಿದ್ದಾರೆ ಅಂದರೆ, ಒಂದು ಬಾಗಿಲ ಚೌಕಟ್ಟಿನ ಬಳ್ಳಿ ಮುಗಿಸುವುದರೊಳಗೆ ಮಧ್ಯಾಹ್ನ ಆಗಿರುತ್ತದೆ. ಬೆಳಕು ಬದಲಾಗಿ, ಶುರು ಮಾಡಿದ ನೆರಳು ಎಲ್ಲಿಗೋ ಹೋಗಿರುತ್ತದೆ. ಉತ್ಸಾಹ ಅಲ್ಲಿಗೆ ಇಂಗುತ್ತದೆ.

ಬದಲಿಗೆ ಕಣ್ಣು ಅರ್ಧ ಮುಚ್ಚಿ ನೋಡಿ. ಕೆತ್ತನೆ ಮಸುಕಾಗಿ ದೊಡ್ಡ ಕತ್ತಲು, ದೊಡ್ಡ ಬೆಳಕು ಎರಡೇ ಉಳಿಯುತ್ತವೆ. ಅದನ್ನು ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಮೂರೇ ಛಾಯೆ ಬಳಸಿ ಬರೆಯಿರಿ: ಹಾಳೆಯ ಬಿಳಿ, ನಡುವಿನ ಬೂದು, ಇನ್ನೂ ಮೆದುವಾದ 6ಬಿ ಪೆನ್ಸಿಲ್ಲಿನ ಕಪ್ಪು. ಇಂತಹ ಪುಟ್ಟ ಚಿತ್ರ ನಾಲ್ಕೈದು ಮಾಡಿದರೆ ಯಾವ ಮೂಲೆ ಗಟ್ಟಿ ಅಂತ ತಾನಾಗಿ ಗೊತ್ತಾಗುತ್ತದೆ. ನನಗೆ ಕೇಳಿದರೆ ಇಡೀ ಗುಡಿಗಿಂತ ಒಂದು ಕಂಬದ ಉರುಟು ಬಳೆಗಳು ಒಳ್ಳೆಯ ಪಾಠ. ಬಳೆಯಿಂದ ಬಳೆಗೆ ನೆರಳು ಹೇಗೆ ಬಾಗುತ್ತದೆ ಅನ್ನುವುದನ್ನು ಹಿಡಿದರೆ ಉರುಟು ವಸ್ತು ಬರೆಯುವುದು ಬಂತು ಅಂತಲೇ ಲೆಕ್ಕ.

ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನಂತೂ ಬಿಡಬೇಡಿ. ಇಳಿಯುವ ಮೆಟ್ಟಿಲು, ನಡುನಡುವೆ ಪುಟ್ಟ ಗೂಡುಗಳು. ಓರೆ ಬಿಸಿಲಿನಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಬಿಳಿ ಪಟ್ಟಿ, ಒಂದು ಕಪ್ಪು ಪಟ್ಟಿ. ಇಂಕ್ ಪೆನ್ನಿನಲ್ಲಿ ಕಪ್ಪನ್ನು ಮಾತ್ರ ತುಂಬುತ್ತಾ ಹೋಗಿ, ಗೆರೆ ಎಳೆಯಬೇಡಿ. ಬಾವಿ ತಾನೇ ಮೂಡುತ್ತದೆ. ನಡುಹಗಲಲ್ಲಿ ಹೋದರೆ ಈ ಪಟ್ಟಿಗಳು ತೆಳ್ಳಗಾಗಿ ಕಲ್ಲೆಲ್ಲ ಒಂದೇ ಬಣ್ಣ ಆಗಿಬಿಡುತ್ತದೆ. ಬೆಳಗಿನ ಮೊದಲ ಬಸ್ಸು ಹಿಡಿಯಿರಿ ಅಂತ ನಾನು ಹೇಳುವುದು ಅದಕ್ಕೇ.

ಬಳಪದ ಕಲ್ಲಿಗೆ ಬಣ್ಣ ಹಚ್ಚುವಾಗ ಬಿಳಿ, ಕಪ್ಪು ಕಲಸಿದ ಬೂದು ಸತ್ತಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಯೆಲ್ಲೋ ಓಕರ್ (ಮಣ್ಣು ಹಳದಿ), ಚೂರು ಬರ್ಂಟ್ ಸಿಯೆನಾ (ಕೆಂಪು ಕಂದು) ಸೇರಿಸಿ ನೋಡಿ. ಹಸಿರು ಛಾಯೆಯ ಬೂದು ಬರುತ್ತದೆ, ಕಲ್ಲಿಗೆ ಅದು ಹತ್ತಿರ.

ಎರೆ ಹೊಲ ಮತ್ತು ಮೆಣಸಿನಕಾಯಿ

"ನಮ್ಮ ಕಡೆ ಏನೈತ್ರಿ, ಬರೀ ಬಯಲು" ಅನ್ನುವವರ ಜೊತೆ ನಾನು ವಾದಕ್ಕೆ ಇಳಿಯುತ್ತೇನೆ. ಎರೆ ಮಣ್ಣು ವರ್ಷದಲ್ಲಿ ಎಷ್ಟು ಸಲ ಬಣ್ಣ ಬದಲಿಸುತ್ತದೆ ನೋಡಿ. ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಬೂದಿಯ ಬಣ್ಣ. ಮುಂಗಾರು ಮಳೆ ಬಿದ್ದ ಮಾರನೇ ದಿನ ಹೆಚ್ಚು ಕಡಿಮೆ ಕಪ್ಪು. ಚಳಿಗಾಲದಲ್ಲಿ ಅದೇ ನೆಲದ ಮೇಲೆ ಬಿಳಿಜೋಳ, ಕಡಲೆ, ಕುಸುಬೆಯ ಹಳದಿ-ಕಿತ್ತಳೆ ಹೂವು, ಒಡೆದ ಹತ್ತಿ. ಈ ಕಪ್ಪಿಗೆ ಟ್ಯೂಬಿನ ಕಪ್ಪು ಬಳಸಬೇಡಿ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ಗಟ್ಟಿಯಾಗಿ ಕಲಸಿ. ನೀಲಿ ಜಾಸ್ತಿ ಆದರೆ ಒದ್ದೆ ಮಣ್ಣು, ಕಂದು ಜಾಸ್ತಿ ಆದರೆ ಒಣ ಮಣ್ಣು. ಬಯಲಿನ ಚಿತ್ರದಲ್ಲಿ ದಿಗಂತದ ಗೆರೆಯನ್ನು ಹಾಳೆಯ ನಟ್ಟನಡುವೆ ಎಳೆಯುವುದು ಎಲ್ಲರ ರೂಢಿ. ಮೇಲಕ್ಕೆ ಒಯ್ದರೆ ನೆಲದ ಚಿತ್ರ ಆಗುತ್ತದೆ, ಕೆಳಕ್ಕೆ ತಂದರೆ ಮೋಡದ ಚಿತ್ರ. ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ.

ಬಣ್ಣ ಕಲಿಯಲು ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ವರ್ಷದ ಮೊದಲ ತಿಂಗಳುಗಳಲ್ಲಿ ಚೀಲಗಳ ಸಾಲೇ ಸಾಲು. ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರು, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ರಾಶಿ ಬರೆಯುವವರು ಒಂದೇ ಕೆಂಪು ತುಂಬಿ ಎದ್ದುಬಿಡುತ್ತಾರೆ. ಸ್ವಲ್ಪ ಹೊತ್ತು ನೋಡಿ. ಬಿಸಿಲು ತಾಕಿದ ಕಡೆ ಕೆಂಪು ಕಿತ್ತಳೆ ಕಡೆಗೆ ಹೋಗುತ್ತದೆ, ನೆರಳಿನಲ್ಲಿ ನೇರಳೆ ಕಡೆಗೆ. ಸುಕ್ಕುಗಳ ಒಳಗೆ ಕಂದು. ಪಕ್ಕದ ಗೋಣಿಚೀಲದ ಮೇಲೂ ತೆಳುವಾಗಿ ಕೆಂಪು ಬೆಳಕು ಹರಡಿರುತ್ತದೆ, ಅದನ್ನು ಬಿಟ್ಟರೆ ರಾಶಿ ಚೀಲದಿಂದ ಕಿತ್ತುಕೊಂಡು ನಿಂತಂತೆ ಕಾಣುತ್ತದೆ. ಘಾಟು ಇರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ವ್ಯಾಪಾರದ ಹೊತ್ತಿನಲ್ಲಿ ದಾರಿಗೆ ಅಡ್ಡ ಕೂರಬೇಡಿ.

ಜನರನ್ನು ಬರೆಯುವಾಗ

ಜನ ಅಲುಗಾಡುತ್ತಾರೆ, ಅದಕ್ಕೆ ಎಲ್ಲರಿಗೂ ಹೆದರಿಕೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರನ್ನು ಹುಡುಕಿ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತ ನೇಕಾರರು, ಹೂವು ಕಟ್ಟುವವರು, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಮಿರ್ಚಿ ಕರಿಯುವವರು. ಒಂದು ಹಾಳೆಯಲ್ಲಿ ಮೂರು ನಾಲ್ಕು ಭಂಗಿ ಒಟ್ಟಿಗೆ ಶುರು ಮಾಡಿ. ಕೈ ಬಾಣಲೆ ಕಡೆ ಹೋದಾಗ ಮೊದಲನೆಯದಕ್ಕೆ ನಾಲ್ಕು ಗೆರೆ, ಜಾಲರಿ ಎತ್ತಿದಾಗ ಎರಡನೆಯದಕ್ಕೆ ನಾಲ್ಕು ಗೆರೆ. ಭಂಗಿ ಮತ್ತೆ ಬಂದೇ ಬರುತ್ತದೆ. ಮುಖ ಕೊನೆಗೆ ಇರಲಿ. ಮೊದಲು ಬೆನ್ನು, ಹೆಗಲು, ಮೊಣಕೈ ಎಲ್ಲಿ ಬಾಗಿದೆ ನೋಡಿ. ಶುರು ಮಾಡುವ ಮೊದಲು "ಅಕ್ಕಾ, ಒಂದ್ ಚಿತ್ರ ತಗೀಲೇನ್ರಿ?" ಅಂತ ಕೇಳಿ, ಮುಗಿದ ಮೇಲೆ ತೋರಿಸಿ. ಬೇಡ ಅಂದರೆ ಪುಸ್ತಕ ಮುಚ್ಚಿ.

ಕೂತೇ ಇರುವವರು ಬೇಕಾದರೆ ಹುಬ್ಬಳ್ಳಿ ರೈಲು ನಿಲ್ದಾಣ. ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಗಂಟುಮೂಟೆ ಒರಗಿ ನಿದ್ದೆ ಹೋದವರು ಅರ್ಧ ಗಂಟೆ ಕದಲುವುದಿಲ್ಲ. ಅವರ ಹಿಂದೆ ಹಳಿ, ಚಾವಣಿಯ ಅಂಚು, ಕಂಬಗಳ ಸಾಲು ದೂರ ಹೋದಂತೆ ಒಂದೇ ಬಿಂದುವಿಗೆ ಸೇರುತ್ತವೆ. ದೂರದ್ದು ಸಣ್ಣದಾಗಿ ಕಾಣುವ ಈ ಪರ್ಸ್‌ಪೆಕ್ಟಿವ್ ಪಾಠವನ್ನು ಬೋರ್ಡಿನ ಮೇಲೆ ಎಷ್ಟು ಸಲ ಹೇಳಿದರೂ ತಿಳಿಯದ ಮಕ್ಕಳಿಗೆ ಅಲ್ಲಿ ನಿಂತ ಕೂಡಲೇ ತಿಳಿಯುತ್ತದೆ.

ಅಲ್ಲಿಗೂ ಮುಂಚೆ ಸ್ವಲ್ಪ ಧೈರ್ಯ ಬರಬೇಕು ಅಂದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಮೂಡಿದ ಹಳ್ಳಿ ಜೀವನದ ಆಳೆತ್ತರದ ಶಿಲ್ಪಗಳು ಅಲ್ಲಿವೆ. ಶಿಲ್ಪ ಅಲುಗಾಡುವುದಿಲ್ಲ, ಸುತ್ತ ತಿರುಗಿ ಎಲ್ಲ ಮಗ್ಗುಲಿನಿಂದ ಬರೆಯಬಹುದು. ಪ್ರತಿ ಕೆಲಸದ ಯಾವ ಗಳಿಗೆಯನ್ನು ಹಿಡಿದು ನಿಲ್ಲಿಸಿದ್ದಾರೆ ಅನ್ನುವುದನ್ನು ಗಮನಿಸಿ. ಧಾರವಾಡದ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯ ಎಂ.ವಿ. ಮಿಣಜಗಿ, ನಮ್ಮ ಗದಗಿನ ಟಿ.ಪಿ. ಅಕ್ಕಿ ಚಿತ್ರಕಲಾ ಶಾಲೆ ಕಟ್ಟಿದ ನೆಲ ಇದು. ಇಲ್ಲಿನ ಕಲಾ ಶಾಲೆಗಳಲ್ಲಿ ವಿದ್ಯಾರ್ಥಿಗಳ ಪ್ರದರ್ಶನ ಇದ್ದರೆ ಖಂಡಿತ ಹೋಗಿ. ನಿಮ್ಮದೇ ಬೀದಿಯನ್ನು ಇನ್ನೊಬ್ಬರು ಹೇಗೆ ನೋಡಿದ್ದಾರೆ ಅಂತ ಗೊತ್ತಾಗುವುದು ಅಲ್ಲೇ ಅಲ್ವಾ?

ಮನೆ ಬಿಟ್ಟು ಹೊರಡಲು ಆಗದವರಿಗೆ

ಮನೆಗೆಲಸ, ಮಕ್ಕಳು ಅಂತ ಹೊರಗೆ ಹೋಗಲು ಆಗದವರು ಬಹಳ. ಕಿಟಕಿ ಪಕ್ಕ ಒಂದು ಮಣೆ ಸಾಕು. ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಜೋಡೆತ್ತು ಇದ್ದರೆ ಅದನ್ನು ಇಟ್ಟುಕೊಳ್ಳಿ. ಬಣ್ಣ ಹಚ್ಚದ ಮಣ್ಣೆತ್ತು ನನ್ನ ಪ್ರಕಾರ ಅತಿ ಒಳ್ಳೆಯ ಮಾಡೆಲ್. ಅದಕ್ಕೆ ಹೊಳಪಿಲ್ಲ, ಒಂದೇ ಬಣ್ಣ, ಹಾಗಾಗಿ ನೆರಳು ಸ್ವಚ್ಛವಾಗಿ ಕಾಣುತ್ತದೆ. ಹಿಣಿಲಿನ ಕೆಳಗೆ ಒಂದು ನೆರಳು, ಹೊಟ್ಟೆಯ ಕೆಳಗೆ ಇನ್ನೊಂದು. ಸ್ಟೀಲ್ ಕೊಡ ಆಮೇಲೆ ಬರಲಿ, ಅದರ ಹೊಳಪು ಮೊದಲಿಗೇ ಕಷ್ಟ.

ಅವ್ವನ ಪೆಟ್ಟಿಗೆಯಲ್ಲಿ ಕಸೂತಿ ಹಾಕಿದ ಇಳಕಲ್ ಸೀರೆ ಇದ್ದರೆ ಅದೂ ಒಂದು ಖಜಾನೆ. ಕಸೂತಿಯ ಗವಂತಿ ಎಂಬ ಹೊಲಿಗೆಯಲ್ಲಿ ದಾರ ಒಂದು ಬಿಟ್ಟು ಒಂದು ಹೋಗಿ, ಬಿಟ್ಟ ಜಾಗ ತುಂಬುತ್ತಾ ಹಿಂದೆ ಬರುತ್ತದೆ. ಎರಡೂ ಮಗ್ಗುಲು ಒಂದೇ ಥರ ಕಾಣುವುದು ಅದಕ್ಕೆ. ಗ್ರಾಫ್ ಹಾಳೆಯಲ್ಲಿ ಒಂದು ಗೋಪುರ, ಒಂದು ನವಿಲು ಎಣಿಸಿ ಎಣಿಸಿ ಇಳಿಸಿ. ನೇರ ಗೆರೆ, ಓರೆ ಗೆರೆ ಎರಡರಲ್ಲೇ ಆನೆಯೂ ಆಗುತ್ತದೆ, ತೇರೂ ಆಗುತ್ತದೆ. ಆ ಮೇಲೆ ನಿಮ್ಮ ಮನೆಯ ಬೆಕ್ಕನ್ನು ಅದೇ ಗೆರೆಗಳಲ್ಲಿ ಪ್ರಯತ್ನಿಸಿ.

ಫೋಟೊ ಬಗ್ಗೆ ಒಂದು ಮಾತು. ತೆಗೆಯಿರಿ, ಆದರೆ ಬರೆದ ಮೇಲೆ. ಜೋರು ಬಿಸಿಲಿನಲ್ಲಿ ಮೊಬೈಲ್ ಕ್ಯಾಮೆರಾ ನೆರಳನ್ನು ಕಪ್ಪು ಮಾಡಿ ಆಕಾಶವನ್ನು ಬಿಳಿ ಮಾಡಿಬಿಡುತ್ತದೆ. ನಿಮ್ಮ ಕಣ್ಣು ನೆರಳಿನೊಳಗೂ ಬಣ್ಣ ಕಾಣುತ್ತದೆ. ಆ ಬಣ್ಣದ ಹೆಸರನ್ನು ಪೆನ್ಸಿಲ್ ಚಿತ್ರದ ಮೇಲೇ ಬರೆದುಕೊಂಡು ಬನ್ನಿ.

ಕಾಗದಕ್ಕೆ ದುಡ್ಡು ಸುರಿಯಬೇಕಿಲ್ಲ. ಗದಗ ಮುದ್ರಣಕ್ಕೆ ಹೆಸರಾದ ಊರು. ಪ್ರೆಸ್ಸಿನಲ್ಲಿ ಕೇಳಿದರೆ ಕತ್ತರಿಸಿ ಉಳಿದ ದಪ್ಪ ಹಾಳೆಯ ತುಂಡುಗಳು ಸಿಗುತ್ತವೆ. ಪೆನ್ಸಿಲ್ಲಿಗೆ, ಇಂಕಿಗೆ ಅವು ಸಾಕು. ಜಲವರ್ಣಕ್ಕೆ ಮಾತ್ರ ಸರಿಯಾದ ಕಾಗದ ಕೊಳ್ಳಿ, ನೀರು ಬಿದ್ದರೆ ತೆಳು ಹಾಳೆ ಸೊಟ್ಟಗಾಗುತ್ತದೆ. ಗುಡಿ, ಬಾವಿಗಳ ಹತ್ತಿರ ಕೂತಾಗ ಬ್ರಷ್ ತೊಳೆದ ನೀರನ್ನು ಕಲ್ಲಿನ ಮೇಲೆ ಚೆಲ್ಲಬೇಡಿ, ಕಲೆ ಉಳಿಯುತ್ತದೆ. ಮುಚ್ಚಳ ಇರುವ ಡಬ್ಬಿ ಒಯ್ಯಿರಿ, ಆ ನೀರನ್ನು ಮನೆಗೆ ತಂದು ಚೆಲ್ಲಿ.